ಮಾಲಿನ ಮೀನು, ತುಂಗೆಯ ಮೀನು

ಹೋದ ವಾರ ಮಗಳು ಮಾಲ್‌ಗೆ ಕರ್ಕೊಂಡು ಹೋಗಿ, ನೀರಿನ ತೊಟ್ಟೀಲಿ ಕಾಲಿಟ್ಟು ಕೂರೋಕೆ ದುಡ್ಡು ಕಟ್ಟಿದಳು. ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚೋಕೆ ಶುರು! "ಇದು ಟರ್ಕಿ ಮೀನು ಆಂಟಿ" ಅಂದ ಅಲ್ಲಿನ ಹುಡುಗ. ಗಾರಾ ರೂಫಾ ಅಂತ ಹೆಸರು. ಟರ್ಕಿಯ ಕಂಗಾಲ್ ಅನ್ನೋ ಊರಿನ ಬಿಸಿನೀರಿನ ಬುಗ್ಗೇಲಿ ತಿನ್ನೋಕೆ ಹೆಚ್ಚೇನೂ ಸಿಗದೆ ಜನರ ಒಣಚರ್ಮ ಕಚ್ಚಿ ತಿಂತಾವಂತೆ. (ಸಕ್ಕರೆ ಕಾಯಿಲೆ ಇರೋರು, ಕಾಲಲ್ಲಿ ಗಾಯ ಇರೋರು ಈ ತೊಟ್ಟಿಗಿಳೀಬೇಡಿ.)

ಇದರ ದಾಯಾದಿ ನಮ್ಮ ತುಂಗೆಯಲ್ಲೇ ಇದೆ ಕಣ್ರೀ. ರಭಸದ ನೀರಿನ ತಳದಲ್ಲಿ ಬಂಡೆಗೆ ಅಂಟ್ಕೊಂಡು ಪಾಚಿ ಕೆರ್ಕೊಂಡು ತಿನ್ನುತ್ತೆ. ಬಾಯಿಯ ಕೆಳಗೆ ಬಿಲ್ಲೆ ಥರ ಮಾಂಸ ಇದೆ, ಅದೇ ಹಿಡಿತ. ಅಡುಗೆಮನೆ ಟೈಲ್ಸಿಗೆ ಒತ್ತಿ ಅಂಟಿಸೋ ರಬ್ಬರ್ ಕೊಕ್ಕೆ ನೆನೆಸ್ಕೊಳ್ಳಿ. ಮೂತಿ ಮೇಲೆ ಎರಡು ಕೊಂಬಿನಂಥ ಗುಬುಟು. 1920ರಲ್ಲಿ ಅದಕ್ಕೆ ಗಾರಾ ಬೈಕಾರ್ನ್ಯೂಟಾ ಅಂತ ಹೆಸರಿಟ್ಟವರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು, ಸಿ. ಆರ್. ನಾರಾಯಣ ರಾವ್. ಪಶ್ಚಿಮ ಘಟ್ಟದ ಎಷ್ಟೋ ಕಪ್ಪೆಗಳಿಗೂ ಅವರೇ ಹೆಸರಿಟ್ಟಿದ್ದು. 1932ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆ ಶುರುವಾದಾಗ ಮೊದಲ ಸಂಪಾದಕರೂ ಅವರೇ.

ನಾನು ಪಿಯುಸೀಲಿ ಜೀವಶಾಸ್ತ್ರ ಓದಿದೋಳು. ಕಪ್ಪೆ ಕುಯ್ಸಿದ್ರು, ಈ ಮೇಷ್ಟ್ರ ಹೆಸರು ಮಾತ್ರ ಒಬ್ರೂ ಹೇಳ್ಲಿಲ್ಲ. ಟರ್ಕಿ ಮೀನಿನ ಹೆಸರು ಮಾಲಿನ ಹುಡುಗಂಗೂ ಗೊತ್ತು!

ನಮ್ಮ ಬೇಗೂರು ಕೆರೆಯಂಥ ನಿಂತ ನೀರು ಈ ಮೀನಿಗೆ ಆಗಲ್ಲ. ಹೊಳೆಗೆ ಅಡ್ಡ ಕಟ್ಟಿದ್ರೆ ಬಂಡೆ ಮೇಲೆ ಹೂಳು ಕೂತು, ಮೇಯೋ ಪಾಚಿನೂ ಹೋಗುತ್ತೆ, ಹಿಡ್ಕೊಳ್ಳೋ ಜಾಗಾನೂ ಹೋಗುತ್ತೆ.