ಮೂವತ್ತು ನಂಬರಿನ ತಂತಿ, ಮತ್ತದು ಯಾರ ಗಂಟಲಿಗೆ

ಗಿಟಾರ್ ಕಲಿಯೋ ಹುಡುಗರ ಮಾತು ಕೇಳಿದ್ದೀರಾ? "ಹನ್ನೆರಡು ಹಾಕಿದ್ದೆ, ಬೆರಳೆಲ್ಲ ಸುಲಿದು ಹೋದ್ವು, ಈಗ ಹತ್ತಕ್ಕೆ ಇಳಿದೀನಿ" ಅಂತಾರೆ. ಏನೋ ಬೀಡಿ ಲೆಕ್ಕ ಅನ್ನೋ ಹಾಗೆ :) ಈ ಹತ್ತು, ಹನ್ನೆರಡು ಅಂದರೆ ಗಿಟಾರಿನ ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ. ಹನ್ನೆರಡು ಅಂದರೆ 0.012 ಇಂಚು, ಸುಮಾರು 0.305 ಮಿ.ಮೀ. ಅಂಕಿ ಹೆಚ್ಚಾದಷ್ಟೂ ತಂತಿ ದಪ್ಪ.

ನಮ್ಮ ತಂಬೂರಿ, ಸಿತಾರಿನ ತಂತಿಗೂ ನಂಬರ್ ಇದೆ. ಆದರೆ ಅದು ತಿರುವುಮುರುವು. ನಂಬರ್ ಹೆಚ್ಚಾದಷ್ಟೂ ತಂತಿ ತೆಳು! ಇದು ಬ್ರಿಟಿಷರ ತಂತಿ ಅಳತೆ. 1884ರ ಮಾರ್ಚ್ 1ರಿಂದ ಅಲ್ಲಿ ಕಾಯ್ದೆಯಾಯಿತು, ನಮ್ಮಲ್ಲಿಗೂ ಬಂತು, ಬಂದದ್ದು ಹೋಗಲೇ ಇಲ್ಲ. ಅಂಕಿ ತಿರುವಾಗಿರೋದಕ್ಕೆ ಕಾರಣ ಅಕ್ಕಸಾಲಿಗರನ್ನ ನೋಡಿದವರಿಗೆ ಬೇಗ ಹೊಳೆಯುತ್ತೆ. ತಂತಿಯನ್ನ ಅಚ್ಚಿನ ದೊಡ್ಡ ತೂತಿನಿಂದ ಎಳೆದು, ಆಮೇಲೆ ಅದಕ್ಕಿಂತ ಸಣ್ಣದು, ಆಮೇಲೆ ಇನ್ನೂ ಸಣ್ಣದು... ಎಷ್ಟು ಸಲ ಎಳೆದರೋ ಅಷ್ಟು ತೆಳು. ಆ ಎಳೆತಗಳ ಎಣಿಕೆಯಿಂದ ಹುಟ್ಟಿದ ಅಂಕಿ ಇದು. ತಮಾಷೆ ಅಂದರೆ ಸಿತಾರಿನ ಮುಖ್ಯ ತಂತಿಗೆ ಹಾಕೋ 30 ನಂಬರು 0.315 ಮಿ.ಮೀ. ಅಂದರೆ ಗಿಟಾರಿನ ಹನ್ನೆರಡೂ ನಮ್ಮ ಮೂವತ್ತೂ ಹೆಚ್ಚುಕಡಿಮೆ ಒಂದೇ ತಂತಿ.

ಈ ನಂಬರುಗಳ ಹಿಂದೆ ನಮ್ಮ ವಿಜಾಪುರ ಸೀಮೆಯ ಒಂದು ಕಥೆಯೂ ಇದೆ. ಹೂವಿನ ಹಿಪ್ಪರಗಿ, ಬಾಗೇವಾಡಿ, ಸಿಂದಗಿ, ಇಂಡಿ ಕಡೆಯವರು ತಂಬೂರಿ ಅಂದಕೂಡಲೆ ಭಜನೆಯನ್ನ ನೆನೆಸಿಕೊಳ್ತಾರೆ. ನನಗೆ ಮೊದಲು ನೆನಪಾಗೋದು ಬಾದಶಹ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರ ತನಕ ವಿಜಾಪುರ ಆಳಿದ. ದಖನಿಯಲ್ಲಿ 'ಕಿತಾಬ್-ಎ-ನೌರಸ್' ಅಂತ ಹಾಡುಗಳ ಪುಸ್ತಕ ಬರೆದ. ಸರಸ್ವತಿ, ಗಣಪತಿಯರನ್ನ ಸ್ತುತಿಸಿ ಹಾಡು ಕಟ್ಟಿದ ಸುಲ್ತಾನ ಈತ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ, ಆನೆಗೆ ಹೆಸರಿಡೋ ಹಾಗೆ! (ಆನೆಗೂ ಇಟ್ಟಿದ್ದ, ಆತಶ್‌ಖಾನ್ ಅಂತ.) ಆತ ತಂಬೂರಿ ನುಡಿಸ್ತಾ ಕೂತಿರೋ ಚಿತ್ರವೊಂದನ್ನ ಫರ್ರುಖ್ ಬೇಗ್ ಬರೆದಿದ್ದಾನೆ. ಅದೀಗ ದೂರದ ಪ್ರಾಗ್ ನಗರದ ಸಂಗ್ರಹಾಲಯದಲ್ಲಿದೆ. ಆ ವಾದ್ಯ ಇವತ್ತಿನ ಹಾಗೆ ಬರೀ ಶ್ರುತಿ ಹಿಡಿಯೋದಲ್ಲ, ಬೆರಳಾಡಿಸಿ ಸ್ವರ ನುಡಿಸೋ ಉದ್ದ ಕತ್ತಿನ ವಾದ್ಯ.

ಮೋತಿಖಾನನ ತಂತಿ ಆರಿಸಿದವರ ಹತ್ರ ನಂಬರೂ ಇರಲಿಲ್ಲ, ಸೂತ್ರವೂ ಇರಲಿಲ್ಲ. ಕಿವಿ ಇತ್ತು, ಬೆರಳಿತ್ತು. ಸೂತ್ರವನ್ನ ಪುಸ್ತಕದಲ್ಲಿ ಬರೆದಿಟ್ಟವನು ಫ್ರಾನ್ಸಿನ ಮರ್ಸೆನ್ ಅನ್ನೋ ಪಾದ್ರಿ, 1636ರಲ್ಲಿ, ಇಬ್ರಾಹಿಂ ತೀರಿಕೊಂಡ ಒಂಬತ್ತು ವರ್ಷಕ್ಕೆ. ಸೂತ್ರ ಸರಳ. ತಂತಿ ಉದ್ದವಾದರೆ ಸ್ವರ ಇಳಿಯುತ್ತೆ, ದಪ್ಪವಾದರೂ ಇಳಿಯುತ್ತೆ, ಬಿಗಿದರೆ ಏರುತ್ತೆ. ಬಿಗಿತದ ವಿಷಯ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಎಲ್ಲಮ್ಮನ ಜೋಗತಿಯರ ಚೌಡಿಕೆ ನೋಡಿ, ಒಂದೇ ನರದ ತಂತಿ. ಅದನ್ನ ಕೈಯಲ್ಲಿ ಎಳೆದು, ಸಡಿಲ ಬಿಟ್ಟು ಸ್ವರವನ್ನ ಕುಣಿಸ್ತಾರೆ. ಉದ್ದ ಅದೇ, ದಪ್ಪ ಅದೇ, ಬದಲಾಗೋದು ಬಿಗಿತ ಒಂದೇ.

ಈಗ ಗಿಟಾರಿನವರೂ ತಂಬೂರಿಯವರೂ ಸಮನಾಗಿ ನಂಬಿರೋ ಒಂದು ಮಾತು. "ದಪ್ಪ ತಂತಿ ಹಾಕು, ಹರಿಯಲ್ಲ." ಇದು ಅರ್ಧ ಸತ್ಯವೂ ಅಲ್ಲ. ದಪ್ಪ ತಂತಿಗೆ ತಾಳಿಕೆ ಹೆಚ್ಚು, ನಿಜ. ಆದರೆ ಅದನ್ನ ಅದೇ ಸ್ವರಕ್ಕೆ ತರೋಕೆ ಅಷ್ಟೇ ಪಾಲು ಹೆಚ್ಚು ಎಳೀಬೇಕು. ಒಂದಕ್ಕೊಂದು ವಜಾ! ಉಕ್ಕಿನ ತಂತಿ ಹರಿಯೋದು ಬಿಡೋದನ್ನ ತೀರ್ಮಾನಿಸೋದು ತಂತಿಯ ಉದ್ದ ಮತ್ತು ಸ್ವರ, ದಪ್ಪ ಅಲ್ಲ. ದಪ್ಪ ತೀರ್ಮಾನಿಸೋದು ವಾದ್ಯದ ಮೇಲೆ ಎಷ್ಟು ಭಾರ ಬೀಳುತ್ತೆ ಅನ್ನೋದನ್ನ.

ಲೆಕ್ಕ ಹಾಕಿ ನೋಡೋಣ. ಗಂಡಸರ ತಂಬೂರಿ, ತಂತಿಯ ಉದ್ದ ಒಂದು ಮೀಟರ್, ಷಡ್ಜ ಹಾರ್ಮೋನಿಯಂನ ಕರಿ ಒಂದು. 30 ನಂಬರಿನ ಉಕ್ಕಿನ ತಂತಿಗೆ ಬೀಳೋ ಎಳೆತ ಸುಮಾರು 4.8 ಕೆ.ಜಿ. 28 ನಂಬರು (0.376 ಮಿ.ಮೀ.) ಹಾಕಿದರೆ 6.8 ಕೆ.ಜಿ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ, ಆದರೆ ಒಂದೊಂದು ತಂತಿಗೂ ಎರಡೆರಡು ಕಿಲೋ ಹೆಚ್ಚು ಭಾರ. ಅದು ಕುದುರೆಯ ಮೇಲೆ ಒತ್ತುತ್ತೆ, ಕತ್ತನ್ನ ಬಗ್ಗಿಸುತ್ತೆ, ಜವಾರಿಯನ್ನ ಬದಲಾಯಿಸುತ್ತೆ. (ನಮ್ಮ ಕಡೆ ಜವಾರಿ ಅಂದರೆ ಕೋಳಿ, ಜೋಳ, ಬದನೀಕಾಯಿ. ತಂಬೂರಿಯ ಜವಾರಿ ಅಂದರೆ ಕುದುರೆಯ ಮೇಲೆ ನೂಲೆಳೆ ಸಿಗಿಸಿದಾಗ ಬರೋ ಆ ಝೇಂಕಾರ. ಎರಡಕ್ಕೂ ಸಂಬಂಧ ಇಲ್ಲ ಅಂತಾರೆ, ನನಗೆ ಮಾತ್ರ ಎರಡೂ ಒಂದೇ ರುಚಿ.)

ಅದೇ ಒಂದು ಮೀಟರ್ ತಂಬೂರಿಯನ್ನ ಹೆಂಗಸರ ಕರಿ ಐದಕ್ಕೆ ಏರಿಸಿ ನೋಡಿ. ಎಳೆತ ಹತ್ತಿರ ಹತ್ತಿರ ಮೂರು ಪಟ್ಟಾಗಿ ಹದಿಮೂರೂವರೆ ಕಿಲೋ ಮುಟ್ಟುತ್ತೆ. ತಂತಿ ಹರಿಯೋ ಅಂಚಿನತ್ತ ಸಾಗುತ್ತೆ, ಯಾವ ನಂಬರ್ ಹಾಕಿದರೂ ಅಷ್ಟೇ. ಇದಕ್ಕೆ ಇರೋ ದಾರಿ ವಾದ್ಯವನ್ನೇ ಗಿಡ್ಡ ಮಾಡೋದು. ತಂತಿಯ ಉದ್ದ 80 ಸೆಂ.ಮೀ. ಆದರೆ ಎಳೆತ 8.7 ಕೆ.ಜಿ.ಗೆ ಇಳಿಯುತ್ತೆ, ಆಮೇಲೆ 32 ನಂಬರಿನ ತೆಳು ತಂತಿ ಹಾಕಿದರೆ ಆರೂವರೆಗೆ ಬಂದು ನಿಲ್ಲುತ್ತೆ. ಹೆಂಗಸರ ತಂಬೂರಿ ಗಿಡ್ಡ ಇರೋದು ನಾಜೂಕಿಗಲ್ಲ, ಬೇರೆ ದಾರಿ ಇಲ್ಲದ್ದಕ್ಕೆ.

ಅಂದಮೇಲೆ ತಂತಿಯ ನಂಬರ್ ಅಂದರೆ ಆ ವಾದ್ಯ ಯಾರ ಗಂಟಲಿಗೆ ಅನ್ನೋದರ ಉತ್ತರ. ಊರಿನ ಗುಡಿಯಲ್ಲಿ ಒಂದೇ ತಂಬೂರಿ ಇದ್ದು, ಅದು ಕರಿ ಒಂದಕ್ಕೆ ಕಟ್ಟಿದ್ದಾದರೆ, ಹಾಡೋ ಹುಡುಗಿ ಒಂದೋ ಗಂಟಲು ತಗ್ಗಿಸಬೇಕು, ಇಲ್ಲಾ ಕಿರುಚಬೇಕು. "ಅಕಿಗೆ ಶ್ರುತಿ ಹತ್ತಂಗಿಲ್ಲ" ಅನ್ನೋ ಮಾತು ಎಷ್ಟು ಹುಡುಗಿಯರ ಬಾಯಿ ಮುಚ್ಚಿಸಿತೋ. ಶ್ರುತಿ ಹತ್ತದೇ ಇದ್ದದ್ದು ತಂಬೂರಿಗೆ! ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಇದೇ ಸೀಮೆಯ ಹೆಂಗಸರ ಹಾಡುಗಳನ್ನ ಕೂಡಿಸಿದರು, 'ಗರತಿಯ ಹಾಡು' 1931ರಲ್ಲಿ ಬಂತು. ಆ ತ್ರಿಪದಿಗಳಿಗೆಲ್ಲ ಶ್ರುತಿ ಬೀಸುಕಲ್ಲಿನದು. ತಂಬೂರಿ ಇದ್ದದ್ದು ಗುಡಿಯಲ್ಲಿ, ಗಂಡಸರ ಕೈಯಲ್ಲಿ. ಇದನ್ನ ಬರೀ ತಂತಿಯ ತಲೆಗೆ ಕಟ್ಟೋದು ನ್ಯಾಯವಲ್ಲ ಬಿಡಿ, ಆದರೆ ತಂತಿಯೂ ಗಂಡಸರ ಪರವಾಗೇ ನಿಂತಿತ್ತು.

ಗಂಗೂಬಾಯಿ ಹಾನಗಲ್ (1913–2009) ಅವರ ಕಥೆ ಇನ್ನೊಂದು ಬಗೆ. ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ, 'ಗಾಂಧಾರಿ' ಅನ್ನೋ ಹೆಸರಿನಲ್ಲಿ, ಅವರದು ತೆಳು ಏರುದನಿ. ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ದನಿ ಇಳಿದು ಗಡುಸಾಯಿತು. ದನಿ ಇಳಿದರೆ ಹಳೇ ತೆಳು ತಂತಿ ಜೋಲು ಬೀಳುತ್ತೆ, ಝೇಂಕಾರ ಸತ್ತುಹೋಗುತ್ತೆ. ತಂತಿ ದಪ್ಪ ಮಾಡಬೇಕು, ಇಲ್ಲಾ ತಂಬೂರಿಯನ್ನೇ ಉದ್ದದ್ದು ತರಬೇಕು. ದನಿ ಇಳಿದದ್ದಕ್ಕೆ ಅವರು ಹಾಡು ಬಿಡಲಿಲ್ಲ. ಆ ಗಡಸುದನಿಯೇ ಅವರ ಗುರುತಾಯಿತು.

ತಂಬೂರಿ ತರೋದು ಎಲ್ಲಿಂದ? ಅಥಣಿ ದಾಟಿದರೆ ಮಿರಜ. 1850ರ ಆಸುಪಾಸಿನಲ್ಲಿ ಅಲ್ಲಿ ಈ ಕೆಲಸ ಶುರು ಮಾಡಿದವರು ಶಿಕಲಗಾರರು, ಕತ್ತಿ-ಗುರಾಣಿಗೆ ಸಾಣೆ ಹಿಡಿಯುತ್ತಿದ್ದ ಮನೆತನದವರು. ಫರೀದಸಾಹೇಬರ ಹೆಸರು ಇದರಲ್ಲಿ ಮೊದಲನೆಯದು. ರಾಜರ ಯುದ್ಧಗಳು ಮುಗಿದಿದ್ದವು, ಕತ್ತಿಗೆ ಗಿರಾಕಿ ಇರಲಿಲ್ಲ. ಲೋಹ ಅರಿತ ಕೈ ತಂತಿಗೆ ತಿರುಗಿತು. ಬುರುಡೆಗೆ ಬೇಕಾದ ಕಾಯಿ ಪಂಢರಪುರ, ಮಂಗಳವೇಢೆ ಕಡೆಯಿಂದ ಬರುತ್ತೆ. ಪಂಢರಪುರದ ಪಕ್ಕ ಹರಿಯೋ ಭೀಮೆಯೇ ಮುಂದೆ ನಮ್ಮ ಇಂಡಿ, ಸಿಂದಗಿ ಸೀಮೆಗೆ ಇಳಿಯೋದು. ಕಿರಾಣಾದ ಅಬ್ದುಲ್ ಕರೀಂಖಾನರು ಮಿರಜದಲ್ಲೇ ನೆಲೆ ನಿಂತವರು, ತಂಬೂರಿ ರಿಪೇರಿಯಲ್ಲೂ ಪಳಗಿದ ಕೈ. 1937ರಲ್ಲಿ ತೀರಿಕೊಂಡ ಮೇಲೆ ಅವರ ಗೋರಿಯೂ ಅಲ್ಲೇ, ಮೀರಾಸಾಹೇಬರ ದರ್ಗಾದಲ್ಲಿ ಆಯಿತು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ, ಭೀಮಸೇನ ಜೋಶಿ ಈ ಸವಾಯಿ ಗಂಧರ್ವರ ಶಿಷ್ಯರು. ಮಿರಜದ ಸಿತಾರು-ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು.

ತಂತಿಯ ದಪ್ಪದ ವಿಷಯದಲ್ಲಿ ನಮ್ಮವರ ದೊಡ್ಡ ಸಾಹಸ ಮಾತ್ರ ಧಾರವಾಡದ್ದು. ಸಿತಾರರತ್ನ ರಹಿಮತ್‌ಖಾನರು (ನಿಧನ 1954) ಬೀನ್‌ಕಾರ ಬಂದೇ ಅಲಿಖಾನರ ಶಿಷ್ಯರು. ಬೀನ್ ಅಂದರೆ ರುದ್ರವೀಣೆ, ಹೊಟ್ಟೆಯೊಳಗಿಂದ ಬರೋ ಗಂಭೀರ ನಾದ. ಸಿತಾರಿಗೂ ಖರ್ಜ, ಲರ್ಜದ ದಪ್ಪ ತಂತಿ ಕೂಡಿಸಿ ಏಳು ತಂತಿಯ ಜೋಡಣೆಯನ್ನ ಹದಕ್ಕೆ ತಂದವರು ಅವರೇ ಅಂತ ಧಾರವಾಡ ಪರಂಪರೆ ಹೇಳುತ್ತೆ. ಅವರ ಮೊಮ್ಮಗ ಬಾಲೇಖಾನ್ (1942–2007) ಅವರನ್ನ ಕೇಳಿದವರು ನಿಮ್ಮಲ್ಲೂ ಇರಬಹುದು.

ಇವತ್ತು ಖರ್ಜ-ಲರ್ಜದ ಸಿತಾರಿಗೆ ಸಾಮಾನ್ಯವಾಗಿ ಹಾಕೋದು ಹೀಗೆ. ಬಾಜ್ ತಂತಿ 30 ನಂಬರಿನ ಉಕ್ಕು, ಜೋಡು 27, ಖರ್ಜ 24, ಲರ್ಜ 21 ನಂಬರಿನ ಕಂಚು. 88 ಸೆಂ.ಮೀ. ಉದ್ದಕ್ಕೆ, ಕರಿ ಒಂದರ ಶ್ರುತಿಗೆ ಕೂತು ಲೆಕ್ಕ ಮಾಡಿದೆ. ಎಳೆತ 6.6, 7.3, 7.4, 6.9 ಕೆ.ಜಿ. ನೋಡಿ! ಒಂದು ಕೂದಲಿನಂಥದ್ದು, ಇನ್ನೊಂದು ಅದರ ಎರಡೂವರೆ ಪಟ್ಟು ದಪ್ಪ. ಆದರೂ ನಾಲ್ಕೂ ತಂತಿ ಬೆರಳಿಗೆ ಹೆಚ್ಚುಕಡಿಮೆ ಒಂದೇ ತೂಕ. ಯಾವ ಸೂತ್ರವೂ ಕೈಯಲ್ಲಿಲ್ಲದೆ, ತಲೆಮಾರುಗಳ ಬೆರಳು ಹುಡುಕಿಕೊಂಡ ಸಮತೂಕ ಇದು. ಆಮೇಲೆ ವಿಲಾಯತ್‌ಖಾನರು (1928–2004) ಈ ದಪ್ಪ ತಂತಿಗಳನ್ನ ತೆಗೆದೇಬಿಟ್ಟರು, ಅವರ ಹಾದಿ ಹಿಡಿದವರೂ ಬಹಳ. ನನ್ನ ಓಟು ಲರ್ಜಕ್ಕೆ.

ಈಗ ಭಜನೆಗೆ ಎಲೆಕ್ಟ್ರಾನಿಕ್ ತಂಬೂರಿ, ಇಲ್ಲಾ ಮೊಬೈಲಿನದೇ ತಂಬೂರಿ. ಬೈಯೋರು ಬಹಳ ಇದ್ದಾರೆ, ನಾನು ಬೈಯಲ್ಲ. ಗುಬುಟು ಒಂದು ಸುತ್ತು ತಿರುಗಿಸಿದರೆ ಕರಿ ಒಂದು ಹೋಗಿ ಕರಿ ಐದು ಬರುತ್ತೆ, ಹುಡುಗಿ ತನ್ನ ದನಿಯಲ್ಲೇ ಹಾಡಬಹುದು. ಮರದ ತಂಬೂರಿ ಕೊಡದೇ ಇದ್ದದ್ದನ್ನ ಡಬ್ಬಿ ಕೊಟ್ಟಿತು. ನನ್ನ ಚಿಂತೆ ಜಂತಿಗೆ ತೂಗುಹಾಕಿದ ಹಳೇ ತಂಬೂರಿಗಳದು. ಯಾವ ತಂತಿ ಎಷ್ಟು ನಂಬರು ಅಂತ ಅದನ್ನ ಕಟ್ಟುತ್ತಿದ್ದ ಅಜ್ಜನಿಗೆ ಗೊತ್ತಿತ್ತು, ಎಲ್ಲೂ ಬರೆದಿಡಲಿಲ್ಲ. ಮೊಮ್ಮಗ ಸಿಕ್ಕಿದ ತಂತಿ ಬಿಗಿದು, ಕತ್ತು ಬಗ್ಗಿದ ಮೇಲೆ "ಹಳೇದಾತು" ಅಂತಾನೆ.

ನಿಮ್ಮ ಮನೆಯಲ್ಲೂ ಅಂಥದ್ದಿದ್ದರೆ ಹಳೇ ತಂತಿಯ ತುಂಡನ್ನ ಎಸೀಬೇಡಿ, ಒಂದು ಮೈಕ್ರೋಮೀಟರಿನಲ್ಲಿ ಅಳೆಸಿ. ತುಂಡೂ ಇಲ್ಲವಾದರೆ ಮೇಲಿನ ಮೆಟ್ಟಿಲಿಂದ ಕುದುರೆವರೆಗೆ ಟೇಪು ಹಿಡಿದು ಉದ್ದ ನೋಡಿ, ಹಾಡೋರು ಯಾರು ಅಂತ ಕೇಳಿ. ಮೀಟರಿನ ಹತ್ತಿರ ಇದ್ದು ಕರಿ ಒಂದಾದರೆ ಷಡ್ಜದ ಜೋಡಿಗೆ 30ರಿಂದ ಶುರು ಮಾಡಿ. ನಾದ ಸೊರಗಿದರೆ 29, ಅದಕ್ಕಿಂತ ದಪ್ಪಕ್ಕೆ ಹೋಗೋ ಮುಂಚೆ ಕತ್ತನ್ನೊಮ್ಮೆ ನೋಡಿ. ಕೊನೆಯ ಖರ್ಜದ ತಂತಿಗೆ 23ರ ಆಸುಪಾಸಿನ ಹಿತ್ತಾಳೆ ಹಾಕಿ, ಉಕ್ಕು ಬೇಡ. ಆ ದಪ್ಪಕ್ಕೆ ಉಕ್ಕು ಸಲಾಕೆಯ ಹಾಗೆ ಸೆಟೆದುಕೊಳ್ಳುತ್ತೆ, ಜವಾರಿ ಏಳಲ್ಲ. ಕಟ್ಟಿದ ಮೇಲೆ ನಾಲ್ಕೂ ನಂಬರನ್ನ ಒಂದು ಚೀಟಿಯಲ್ಲಿ ಬರೆದು ಬಿರಡೆಯ ಹಿಂದುಗಡೆ ಅಂಟಿಸಿಬಿಡಿ.