ಆರ್‌ಸಿಯೊಳಗ ಇನ್ನೂ ಗುಲಬರ್ಗಾ ಜಿಲ್ಲಾನೇ ಅದ

ಅಕ್ಕಂದಿರಾ, ನಮ್ಮನಿ ಪಿಕಪ್ ಗಾಡಿ ಆರ್‌ಸಿ ಹೋದ ವಾರ ಟ್ರಂಕಿನಾಗಿಂದ ತಗದೆ. ಶಹಾಪುರದ ಮುಂದ 'ಜಿಲ್ಲಾ ಗುಲಬರ್ಗಾ' ಅಂತ ಬರದದ. 2007ರಾಗ ಹೊಸಾದು ತಂದಾಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಜಿಲ್ಲಾದಾಗೇ ಇದ್ದವು. 2009ರ ಡಿಸೆಂಬರ್ 30ಕ್ಕ ಯಾದಗಿರಿ ಬ್ಯಾರೆ ಜಿಲ್ಲಾ ಆಯ್ತು. 2014ರಾಗ ಗುಲಬರ್ಗಾ ಹೋಗಿ ಕಲಬುರಗಿ ಆಯ್ತು. ಗಾಡಿ ಮಾತ್ರ ಅದೇ.

ಗಾಡಿ ಬಂದದ್ದು ಕಾಲುವಿ ನೀರಿನಿಂದ. ನಾರಾಯಣಪುರದಾಗ ಕೃಷ್ಣಾ ಹೊಳಿಗೆ ಡ್ಯಾಮ್ ಕಟ್ಟಿ, ಎಡದಂಡಿ ಕಾಲುವಿ ಈ ಕಡಿ ಹರದ ಮ್ಯಾಲ, ಜ್ವಾಳ, ತೊಗರಿ ಬೆಳೀತಿದ್ದ ಹೊಲದಾಗ ಭತ್ತ ಬಂತು. ಭತ್ತ ಹೊರಾಕ ಗಾಡಿ ಬೇಕಾಯ್ತು.

ಭತ್ತಕ್ಕ ತಂದ ಗೊಬ್ಬರಾನೇ ಗಾಡಿ ತಿಂತು. ಚೀಲದಿಂದ ಉದುರಿದ ಯೂರಿಯಾ ತೇವ ಹಿಡದು ಹಿಂದಿನ ಪತ್ರಾ ತೂತಾಗಿ, ಹೋದ ಸುಗ್ಗಿಗೆ ಭತ್ತ ದಾರಿಗುಂಟ ಸೋರಿತು. 15 ವರ್ಷ ದಾಟಿದ ಗಾಡಿ ಫಿಟ್ನೆಸ್ ಫೀಸೂ 2022ರ ಏಪ್ರಿಲ್‌ನಿಂದ ಭಾಳ ಏರ್ಯಾದ. ಮನಿಯವರು "ಗುಜರಿಗಿ ಹಾಕೂಣು" ಅಂದ್ರು.

ಅತ್ತಿಯವರು ಒಂದೇ ಮಾತಂದ್ರು: "ಅದರ ಕಂತಿಗೆ ನನ್ನ ಪಾಟ್ಲಿ ಹೋಗ್ಯಾವ. ಈಗ ಅದು ಸಾಲ ಇಲ್ಲದ ಗಾಡಿ. ಹೊಸಾದಕ್ಕ ಯಾರ ಪಾಟ್ಲಿ ಇಡ್ತೀ?"

ಕೊಳತ ಪತ್ರಾ ಕೊಯ್ಸಿ ಹೊಸಾದು ವೆಲ್ಡಿಂಗ್ ಮಾಡ್ಸಿದ್ವಿ, ರೆಡ್ ಆಕ್ಸೈಡ್ ಹಚ್ಚಿ ಬಣ್ಣ ಹೊಡಸಿದ್ವಿ. ಈಗ ಗೊಬ್ಬರ ಇಳಿಸಿದ ದಿನಾನೇ ನಾನು ಕಸಬರಗಿ ಹಾಕಿ, ನೀರು ಬಿಟ್ಟು ತೊಳೀತೀನಿ. ನಿಮ್ಮನ್ಯಾಗೂ ಗಾಡಿ ಇದ್ರ ಇಷ್ಟು ಮಾಡ್ರಿ, ಪಾಟ್ಲಿ ಉಳೀತಾವ.