ಹೆಣ್ಣುಮಗುವಿನ ನಡುವಣ ಹೆಸರು

ಹೆಣ್ಣುಕೂಸನ್ನು ತೊಟ್ಟಿಲಿಗೆ ಹಾಕಿ, ಬಂಧುಬಳಗದ ಹೆಂಗಳೆಯರೆಲ್ಲ ಕೂಡಿ, ಅದರ ಕಿವಿಯಲ್ಲಿ ಮೆಲ್ಲನೆ ಹೆಸರನ್ನು ಉಸುರುವ ಸಂಸ್ಕಾರವು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮೊದಲ ಹೆಸರನ್ನು ಆರಿಸುವುದು ಅಷ್ಟೇನೂ ಕಷ್ಟವಲ್ಲ. ಕುಲದೈವದ ಹೆಸರೋ, ಗತಿಸಿದ ಅಜ್ಜಿಯ ಹೆಸರೋ, ತಾಯಿತಂದೆಗಳ ಮನಸ್ಸಿಗೆ ಒಪ್ಪಿದ ಹೊಸ ಹೆಸರೋ ದೊರೆತೇ ದೊರೆಯುತ್ತದೆ. ಆ ಹೆಸರಿನ ಜೊತೆಗೆ ನಿಲ್ಲುವ ಎರಡನೆಯ ಪದವಾವುದು ಎಂಬ ಪ್ರಶ್ನೆ ಬಂದಾಗ ಮಾತ್ರ ಹಿರಿಯರೂ ಕಿರಿಯರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ನಮ್ಮಲ್ಲಿ ಅನೇಕರು ಈ ನಡುವಣ ಹೆಸರನ್ನು ಕಚೇರಿಯ ಪತ್ರಕ್ಕಾಗಿ ಹುಟ್ಟಿಕೊಂಡ ಹೊಸ ವಸ್ತುವೆಂದು ಭಾವಿಸುತ್ತಾರೆ. ಆದರೆ ಕನ್ನಡ ನಾಡಿನ ಸ್ತ್ರೀನಾಮಗಳ ಚರಿತ್ರೆಯನ್ನು ಅವಲೋಕಿಸಿದರೆ, ಹೆಸರಿಗೆ ಜೊತೆಗೂಡುವ ಪದವು ಸಾವಿರ ವರ್ಷಗಳಿಂದ ಇದ್ದೇ ಇದೆಯೆಂಬುದೂ, ಅದು ಒಂದೊಂದು ಕಾಲದಲ್ಲಿ ಒಂದೊಂದು ಮೂಲದಿಂದ ಬಂದಿತೆಂಬುದೂ ವಿದಿತವಾಗುತ್ತದೆ.

ಶಾಸನಗಳ ಕಾಲವನ್ನು ಮೊದಲು ನೋಡೋಣ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಲ್ಲಪಯ್ಯನ ಮಡದಿ ಅಪ್ಪಕಬ್ಬೆ. ಮಕ್ಕಳು ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ಮೂವರ ಹೆಸರಿನ ಕೊನೆಯಲ್ಲಿಯೂ ನಿಂತಿರುವುದು ತಾಯಿ ಎಂಬ ಅರ್ಥದ ‘ಅಬ್ಬೆ’ ಎಂಬ ಪದವೇ. ಈ ‘ಅಬ್ಬೆ’ಯೇ ಕಾಲಕ್ರಮದಲ್ಲಿ ‘ಅವ್ವೆ’ಯಾಗಿ, ‘ಅವ್ವ’ವಾಗಿ ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದಿಗೂ ಉಳಿದಿದೆ. ನಿನ್ನೆ ಹುಟ್ಟಿದ ಕೂಸನ್ನು ‘ಅವ್ವ’ ಎಂದು ಸಂಬೋಧಿಸುವುದು ಪರಭಾಷೆಯವರಿಗೆ ವಿಚಿತ್ರವಾಗಿ ತೋರಬಹುದು. ನಮಗಾದರೋ ಅದು ಸಹಜ. ಆ ಮಗು ಯಾರ ಮಗಳು, ಯಾರ ಮಡದಿ ಎಂಬುದನ್ನು ಆ ಪದವು ಹೇಳುವುದಿಲ್ಲ, ಅವಳಿಗೆ ಸಲ್ಲಬೇಕಾದ ಗೌರವವನ್ನು ಮಾತ್ರ ಹೇಳುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯ ತಾಯಿ ಮಾಚಿಕಬ್ಬೆ, ಮಗಳು ಶಾಂತಲದೇವಿ. ಒಂದೇ ಮನೆಯಲ್ಲಿ ತಾಯಿಗೆ ‘ಅಬ್ಬೆ’, ಅರಮನೆ ಸೇರಿದ ಮಗಳಿಗೆ ‘ದೇವಿ’. ಎರಡನೆಯ ಪದವು ಸ್ಥಾನಮಾನವನ್ನೂ ಸೂಚಿಸುತ್ತಿತ್ತೆಂಬುದಕ್ಕೆ ಇದು ನಿದರ್ಶನ.

ಇದಲ್ಲದೆ ಸ್ವಂತ ಗುಣದಿಂದ ಗಳಿಸಿದ ಬಿರುದೂ ಹೆಸರಿನ ಅಂಗವಾಗುತ್ತಿತ್ತು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ‘ದಾನಚಿಂತಾಮಣಿ’ಯೆನಿಸಿದಳು, ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ್ದು ಅವಳ ಆಶ್ರಯದಲ್ಲಿಯೇ. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಗೆ ‘ಗುಣದಬೆಡಂಗಿ’ ಎಂಬ ಬಿರುದಿತ್ತು. ಶಾಂತಲದೇವಿಯ ‘ಸವತಿಗಂಧವಾರಣ’ ಎಂಬ ಬಿರುದಂತೂ ಅವಳು 1123ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಯ ಹೆಸರೇ ಆಗಿ ನಿಂತಿದೆ. ಈ ಬಿರುದುಗಳಲ್ಲಿ ಪತಿಯ ಹೆಸರಿಲ್ಲ, ಪಿತನ ಹೆಸರಿಲ್ಲ ಎಂಬುದನ್ನು ಗಮನಿಸಬೇಕು.

ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳಿಗೆ ಬಂದರೆ ಈ ವಿಚಾರವು ಮತ್ತಷ್ಟು ಸ್ಪಷ್ಟವಾಗುತ್ತದೆ. ಅಂದು ಕಲ್ಯಾಣಕ್ಕೆ ನಾನಾ ದಿಕ್ಕುಗಳಿಂದ ಬಂದವರಲ್ಲಿ ಒಂದೇ ಹೆಸರಿನವರು ಅನೇಕರಿದ್ದರು. ಅವರನ್ನು ಬೇರೆಬೇರೆಯಾಗಿ ಗುರುತಿಸಲು ಜೊತೆಗೊಂದು ಪದವು ಬೇಕಾಯಿತು. ಉಡುತಡಿಯ ಮಹಾದೇವಿಯನ್ನು ಶರಣಸಮೂಹವು ‘ಅಕ್ಕ’ ಎಂದು ಕರೆಯಿತು. ಹರಿಹರನ ಕೃತಿಯ ಹೆಸರು ‘ಮಹಾದೇವಿಯಕ್ಕನ ರಗಳೆ’. ಇಂದು ನಾವು ಹೇಳುವುದು ‘ಅಕ್ಕಮಹಾದೇವಿ’ ಎಂದು. ಹೆಸರಿನ ಹಿಂದೆ ಇದ್ದ ಪದವು ಮುಂದೆ ಬಂದು ನಿಂತಿದೆ, ಆದರೆ ಅಗಲಿಲ್ಲ. ಇನ್ನೊಬ್ಬ ಮಹಾದೇವಿಯು ಸೌದೆಯ ಹೊರೆಯನ್ನು ಮಾರುವ ಕಾಯಕದ ಮಾರಯ್ಯನವರ ಮಡದಿ. ಆಕೆ ಮೋಳಿಗೆ ಮಹಾದೇವಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದವಳು ಆಯ್ದಕ್ಕಿ ಲಕ್ಕಮ್ಮ. ನೂಲುವವಳು ಕದಿರ ರೆಮ್ಮವ್ವೆ, ಧಾನ್ಯವನ್ನು ಕುಟ್ಟುವವಳು ಕೊಟ್ಟಣದ ಸೋಮಮ್ಮ. ಲೋಕವು ಹಗುರವಾಗಿ ಕಂಡ ದುಡಿಮೆಯನ್ನೇ ಇವರು ಹೆಸರಿನ ಕಿರೀಟವಾಗಿ ಧರಿಸಿದರು. ವಿಶೇಷವೆಂದರೆ, ಆಯ್ದಕ್ಕಿ ಎಂಬ ಪದವು ಲಕ್ಕಮ್ಮನಿಗೆ ಎಷ್ಟು ಸಲ್ಲುತ್ತದೆಯೋ ಅವಳ ಪತಿ ಮಾರಯ್ಯನಿಗೂ ಅಷ್ಟೇ ಸಲ್ಲುತ್ತದೆ. ಅಲ್ಲಿ ಮಡದಿಯು ಪತಿಯ ಹೆಸರನ್ನು ಪಡೆದುದಲ್ಲ. ಇಬ್ಬರೂ ಒಂದೇ ಕಾಯಕದ ಹೆಸರನ್ನು ಸಮನಾಗಿ ಹಂಚಿಕೊಂಡರು.

ಹಾಗೆಂದು ಪತಿಯ ಹೆಸರಿನಿಂದ ಗುರುತಿಸುವ ಪದ್ಧತಿ ಇರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ವಚನ ಸಂಕಲನಗಳಲ್ಲಿ ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ’, ‘ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ’ ಎಂಬ ಶೀರ್ಷಿಕೆಗಳಿವೆ. ಇಬ್ಬರು ಕಾಳವ್ವೆಯರಿದ್ದುದರಿಂದ ಅವರನ್ನು ಬೇರ್ಪಡಿಸಲು ಪತಿನಾಮವು ನೆರವಾಯಿತು. ಆದರೆ ಅದು ವಚನಗಳನ್ನು ಸಂಗ್ರಹಿಸಿದವರು ಇಟ್ಟ ಗುರುತು. ಶರಣೆಯರು ತಾವೇ ಆರಿಸಿಕೊಂಡ ಗುರುತೆಂದರೆ ಅಂಕಿತ. ಸತ್ಯಕ್ಕನದು ಶಂಭುಜಕ್ಕೇಶ್ವರ, ಗೊಗ್ಗವ್ವೆಯದು ನಾಸ್ತಿನಾಥ, ಬೊಂತಾದೇವಿಯದು ಬಿಡಾಡಿ. ಲಕ್ಕಮ್ಮನು ತನ್ನ ಅಂಕಿತದಲ್ಲಿ ‘ಮಾರಯ್ಯಪ್ರಿಯ’ ಎಂದು ಪತಿಯನ್ನು ನೆನೆದರೆ, ಮುಕ್ತಾಯಕ್ಕನು ಅಣ್ಣನಾದ ಅಜಗಣ್ಣನ ಹೆಸರನ್ನೇ ಅಂಕಿತವಾಗಿಸಿಕೊಂಡಳು. ಪತಿಯ ಹೆಸರು, ಅಣ್ಣನ ಹೆಸರು, ಇಷ್ಟದೈವದ ಹೆಸರು ಎಲ್ಲವೂ ಇಲ್ಲಿವೆ. ಆದರೆ ಯಾವುದೂ ಕಡ್ಡಾಯವಲ್ಲ. ಆಯ್ಕೆಯು ಆಯಾ ಶರಣೆಯದೇ ಆಗಿತ್ತು ಎಂಬುದೇ ಇಲ್ಲಿನ ಸಾರ.

ಮುಂದಿನ ಶತಮಾನಗಳಲ್ಲಿಯೂ ಈ ಪರಂಪರೆ ಮುರಿಯಲಿಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಚೀಲವನ್ನು ಹಿಡಿಯುತ್ತಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಬರೆದು ಸಂಚಿ ಹೊನ್ನಮ್ಮನಾಗಿ ಉಳಿದಳು. ಛತ್ರಪತಿ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯು ಕೆಳದಿಯ ಚೆನ್ನಮ್ಮ. 1824ರಲ್ಲಿ ಇಂಗ್ಲಿಷರನ್ನು ಎದುರಿಸಿದವಳು ಕಿತ್ತೂರಿನ ಚೆನ್ನಮ್ಮ. ಒಂದೇ ಹೆಸರಿನ ಇಬ್ಬರು ರಾಣಿಯರನ್ನು ನಾಡು ಅವರವರ ನೆಲದಿಂದ ಗುರುತಿಸಿತೇ ಹೊರತು, ಅವರು ಕೈಹಿಡಿದ ದೊರೆಗಳ ಹೆಸರಿನಿಂದಲ್ಲ.

ಹಾಗಾದರೆ ನಡುವಣ ಹೆಸರು ತಂದೆಯದೋ ಗಂಡನದೋ ಆಗಿಯೇ ಇರಬೇಕೆಂಬ ಭಾವನೆ ಎಲ್ಲಿಂದ ಬಂತು? ದಾಖಲೆಗಳ ಆಡಳಿತವು ಬಲಿತಂತೆ ಅದು ಬಲಿಯಿತೆಂದು ಹೇಳಬಹುದು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವು ನೆಲೆಗೊಂಡಿತು. ಮದುವೆಯಾದೊಡನೆ ಹೆಣ್ಣುಮಗಳ ನಡುವಣ ಹೆಸರು ತಂದೆಯಿಂದ ಗಂಡನಿಗೆ ವರ್ಗವಾಗುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಹಳೆಯ ಮೈಸೂರಿನ ಕಡೆ ಊರಿನ ಹಾಗೂ ತಂದೆಯ ಹೆಸರುಗಳು ಮೊದಲಕ್ಷರಗಳಾಗಿ ಕುಗ್ಗಿ ಮುಂದೆ ನಿಂತವು. ಗಂಡುಮಗುವಿಗೆ ತೊಟ್ಟಿಲಲ್ಲಿ ಸೇರಿದ ನಡುವಣ ಹೆಸರು ಕಡೆಯವರೆಗೂ ಉಳಿಯುತ್ತದೆ. ಹೆಣ್ಣುಮಗುವಿಗೆ ಅದು ಮದುವೆಯವರೆಗಿನ ಎರವಲು ಮಾತ್ರ. ಶಾಲೆಯ ಪ್ರಮಾಣಪತ್ರದಲ್ಲಿ ಒಂದು ಹೆಸರು, ಹೊಲಮನೆಗಳ ಪತ್ರದಲ್ಲಿ ಇನ್ನೊಂದು ಹೆಸರು ಇರಲಾಗಿ, ಇಬ್ಬರೂ ಒಬ್ಬಳೇ ಎಂದು ಪ್ರಮಾಣ ಮಾಡಿ ಹೇಳಬೇಕಾದ ಹೆಂಗಳೆಯರ ಬವಣೆಯನ್ನು ಯಾರು ತಾನೆ ಕಂಡಿಲ್ಲ?

ಆಧುನಿಕ ಸಾಹಿತ್ಯವು ಇದಕ್ಕೊಂದು ಅರ್ಥಪೂರ್ಣವಾದ ಉದಾಹರಣೆಯನ್ನು ಒದಗಿಸಿದೆ. 1912ರಲ್ಲಿ ಜನಿಸಿ 1939ರಲ್ಲಿ ಅಕಾಲಮರಣಕ್ಕೆ ತುತ್ತಾದ ಕಥೆಗಾರ್ತಿಯೊಬ್ಬರು ತಮ್ಮ ಕಥೆಗಳನ್ನು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಪ್ರಕಟಿಸುತ್ತಿದ್ದರು. ಅದರಲ್ಲಿ ಅವರ ಸ್ವಂತ ಹೆಸರಿನ ಒಂದಕ್ಷರವೂ ಇರಲಿಲ್ಲ. ಕನ್ನಡ ವಾಚಕರು ಆ ಹೆಸರನ್ನು ಮರೆತು, ಅವರನ್ನು ಕೊಡಗಿನ ಗೌರಮ್ಮನೆಂದು ಉಳಿಸಿಕೊಂಡರು. ಸ್ವಂತ ಹೆಸರಿಗೆ ನೆಲದ ಹೆಸರನ್ನು ಕೂಡಿಸುವ ಹಳೆಯ ಕ್ರಮವೇ ಗೆದ್ದಿತು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮೊದಲ ಮಹಿಳೆಯ ಹೆಸರು ಜಯದೇವಿತಾಯಿ ಲಿಗಾಡೆ. ಮರಾಠಿಯಲ್ಲಿ ‘ತಾಈ’ ಎಂದರೆ ಅಕ್ಕ, ಕನ್ನಡದಲ್ಲಿ ‘ತಾಯಿ’ ಎಂದರೆ ಮಾತೆ. ಸೊಲ್ಲಾಪುರದ ಗಡಿನೆಲದಲ್ಲಿ ಎರಡೂ ಭಾಷೆಗಳ ಗೌರವವು ಈ ಒಂದೇ ನಡುವಣ ಪದದಲ್ಲಿ ಸಂಗಮಿಸಿದೆ.

ಇನ್ನು ಹೆಸರಿಗೆ ಹೆಸರು ಒಪ್ಪುವ ವಿಚಾರ. ಇದಕ್ಕೂ ನಮ್ಮ ಹಿರಿಯರು ಕಿವಿಯನ್ನೇ ಪ್ರಮಾಣವಾಗಿ ಇಟ್ಟುಕೊಂಡಿದ್ದರು. ಬಸವಣ್ಣನವರ ಅಕ್ಕನು ಕಾವ್ಯದಲ್ಲಿ ನಾಗಲಾಂಬಿಕೆ, ಮನೆಮಾತಿನಲ್ಲಿ ನಾಗಮ್ಮ. ಅವರ ಮಡದಿ ನೀಲಾಂಬಿಕೆಯೂ ಹೌದು, ನೀಲಮ್ಮನೂ ಹೌದು. ‘ಅಂಬಿಕೆ’ಯಂತಹ ಸಂಸ್ಕೃತಪದವು ದೀರ್ಘಸ್ವರವನ್ನು ಬಯಸಿ ಸಂಧಿಯಾಗುತ್ತದೆ, ‘ಅವ್ವ’, ‘ಅಕ್ಕ’, ‘ಅಮ್ಮ’ಗಳು ಎರಡಕ್ಷರದ ದೇಸಿ ಹೆಸರಿನೊಡನೆ ಹಾಲಿನೊಳಗೆ ಸಕ್ಕರೆಯಂತೆ ಬೆರೆಯುತ್ತವೆ. ಹೆಸರು ಉದ್ದವಾಗಿದ್ದರೆ ಜೊತೆಯ ಪದವು ಚಿಕ್ಕದಾಗಿರಲಿ, ಹೆಸರು ಚಿಕ್ಕದಾದರೆ ಜೊತೆಯದು ತುಸು ದೀರ್ಘವಾಗಿರಲಿ. ಎರಡನ್ನೂ ಅಂಗಳದಿಂದ ಒಮ್ಮೆ ಗಟ್ಟಿಯಾಗಿ ಕೂಗಿ ನೋಡಿದರೆ ಒಪ್ಪುವುದೋ ಇಲ್ಲವೋ ತಾನೇ ತಿಳಿಯುತ್ತದೆ.

ಧ್ವನಿಗಿಂತ ಮಿಗಿಲಾದುದು ಬಾಳಿಕೆ. ನಮ್ಮ ಕಾನೂನು ಮದುವೆಯಾದ ಹೆಣ್ಣುಮಗಳು ಹೆಸರನ್ನು ಬದಲಿಸಲೇಬೇಕೆಂದು ವಿಧಿಸಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಿ ಆಮೇಲೆ ಹೆಸರನ್ನು ಸೇರಿಸಲು ಅವಕಾಶವಿದೆ, ಆದುದರಿಂದ ಆತುರಪಡಬೇಕಾಗಿಲ್ಲ. 2023ರ ಅಕ್ಟೋಬರಿನಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಜನನ ಪ್ರಮಾಣಪತ್ರದ ಮಹತ್ವವು ಹೆಚ್ಚಿರುವುದರಿಂದ, ಅದರಲ್ಲಿ ಬರೆಯಿಸುವ ಪದವನ್ನು ಯೋಚಿಸಿಯೇ ಬರೆಯಿಸಬೇಕು. ನೆರೆಯ ಮಹಾರಾಷ್ಟ್ರ ಸರಕಾರವು 2024ರ ಮೇ 1ರಿಂದ ಹುಟ್ಟುವ ಮಕ್ಕಳ ಹೆಸರಿನಲ್ಲಿ ತಂದೆಯ ಹೆಸರಿಗೆ ಮೊದಲು ತಾಯಿಯ ಹೆಸರೂ ಬರಬೇಕೆಂದು ನಿರ್ಧರಿಸಿತು. ಅಬ್ಬೆಯನ್ನು ಹೆಸರಿನೊಳಗೇ ಇಟ್ಟುಕೊಂಡು ಬಂದ ಕನ್ನಡಿಗರಿಗೆ ಇದು ಅಪರಿಚಿತವೆನಿಸಬೇಕಾಗಿಲ್ಲ.

ತಂದೆಯ ಹೆಸರನ್ನು ಇಡಬಾರದೆಂಬುದು ಈ ಲೇಖನದ ಆಶಯವಲ್ಲ. ಅದೊಂದೇ ದಾರಿಯಲ್ಲವೆಂಬುದನ್ನು ಚರಿತ್ರೆಯು ತೋರುತ್ತದೆ ಎಂಬುದಷ್ಟೇ. ತಾಯಿಯ ಹೆಸರು, ಅಜ್ಜಿಯ ಹೆಸರು, ಹುಟ್ಟಿದ ಊರು, ಮನೆತನದ ಕಾಯಕ, ಆದರ್ಶಳಾದ ಶರಣೆಯೊಬ್ಬಳ ಹೆಸರು ಇವುಗಳಲ್ಲಿ ಯಾವುದನ್ನಾದರೂ ಆರಿಸಬಹುದು. ಆರಿಸುವಾಗ ಒಂದು ಮಾತನ್ನು ಮಾತ್ರ ಕೇಳಿಕೊಳ್ಳಬೇಕು: ಈ ಕೂಸು ಬೆಳೆದು, ಓದಿ, ಮದುವೆಯಾಗಿ, ಮುದುಕಿಯಾದಾಗಲೂ ಈ ಪದವು ಅವಳದಾಗಿಯೇ ಉಳಿಯುವುದೇ? ಉಳಿಯುವುದಾದರೆ ಅದೇ ಅವಳಿಗೆ ಒಪ್ಪುವ ನಡುವಣ ಹೆಸರು. ಎಂಟುನೂರು ವರ್ಷಗಳ ಮೇಲೂ ಲಕ್ಕಮ್ಮನಿಂದ ‘ಆಯ್ದಕ್ಕಿ’ಯನ್ನು ಯಾರೂ ಬೇರ್ಪಡಿಸಲಾಗಿಲ್ಲ.